ತುಟಿಯ ಮೇಲಿನ ಬೆಳ್ಳಿ

ಕುಂದಾಪುರದ ಹೊಸ ಕಾಲೇಜಿನಲ್ಲಿ ಪಾಠ ಹೇಳುವವರು ಹತ್ತಾರು ಮಂದಿ ಇದ್ದರು, ಹೆದರಿಕೆ ಹೇಳಿಕೊಡುವವನು ಮಾತ್ರ ಒಬ್ಬನೇ. ಅವನು ರಸಾಯನಶಾಸ್ತ್ರದ ಲ್ಯಾಬಿನ ಅಟೆಂಡರ್ ಭೋಜರಾಜ ಶೆಟ್ಟಿ. ಊರು ಹೆಮ್ಮಾಡಿ. ಕಾಲೇಜಿಗೆ ಸೇರುವ ಮೊದಲು ಎಂಟು ವರ್ಷ ಬೈಂದೂರು-ಉಡುಪಿ ಬಸ್ಸಿನಲ್ಲಿ ಕ್ಲೀನರಾಗಿದ್ದವನು. ಜನರನ್ನು ಹತ್ತಿಸಿ ಇಳಿಸಿ ಅಭ್ಯಾಸವಾದ ಆ ಗಂಟಲನ್ನೇ ಲ್ಯಾಬಿಗೂ ತಂದಿದ್ದ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದರೆ ರಸಾಯನಶಾಸ್ತ್ರ ಕಲಿಸುವ ಪ್ರೇಮಾನಂದ ಮಾಸ್ಟ್ರು ಸೀಮೆಸುಣ್ಣ ಹಿಡಿಯುವ ಮೊದಲೇ ಇವನು ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದ.

"ಹ್ವಾಯ್, ಎಲ್ಲ ಕೇಣಿ. ಆಸಿಡ್ಡಿಗೆ ನೀರ್ ಹೊಯ್ಯೂಕಾಗ. ನೀರಿಗೆ ಆಸಿಡ್ ಹೊಯ್ಕ್, ಅದೂ ನಿಧಾನ. ಬಾಟ್ಲಿ ಮೂಗಿಗ್ ಹಿಡೂಕಾಗ. ಕೈ ತೊಳೀದೆ ಬುತ್ತಿ ಬಿಚ್ಚೂಕಾಗ. ಬಪ್ಪತಿಗೆ ತಂದ ಎರ್ಡ್ ಕಣ್ಣ್ ಹೋಪತಿಗೂ ಇರ್ಕ್."

ಮಕ್ಕಳು ಮರೆಯಲ್ಲಿ ನಗುತ್ತಿದ್ದರು. ನಗಲಿ ಬಿಡಿ, ನಾಲ್ಕು ವರ್ಷದಲ್ಲಿ ಆ ಲ್ಯಾಬಿನಲ್ಲಿ ಒಬ್ಬರ ಅಂಗಿಗೂ ತೂತು ಬಿದ್ದಿರಲಿಲ್ಲ. ವಿಷದ ಬಾಟ್ಲಿಗಳನ್ನಿಟ್ಟ ಕತ್ತಲೆ ಕಪಾಟಿನ ಬೀಗದ ಕೈಯನ್ನು ಮಾಸ್ಟ್ರು ಬೇರೆ ಯಾರ ಕೈಗೂ ಕೊಡದೆ ಭೋಜರಾಜನಿಗೇ ಕೊಟ್ಟಿದ್ದರು. ಅವನು ಅದನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ ಎಂದು ಅವನ ಅಕ್ಕ ಜಲಜ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಅವನಿಗೆ ಸರಿಬೀಳದ ವಸ್ತು ಲ್ಯಾಬಿನಲ್ಲಿ ಒಂದೇ ಒಂದು. ಅದು ಪಿಪೆಟ್. ನಡುವೆ ಹೊಟ್ಟೆ ಉಬ್ಬಿದ ಗಾಜಿನ ಕೊಳವೆ. ಕೆಳತುದಿಯನ್ನು ದ್ರಾವಣದಲ್ಲಿ ಅದ್ದಿ, ಮೇಲ್ತುದಿಗೆ ಬಾಯಿ ಹಚ್ಚಿ, ಗೀಟಿನವರೆಗೆ ಹೀರಿ, ಥಟ್ಟನೆ ಬೆರಳು ಮುಚ್ಚಬೇಕು. ಎಲ್ಲ ಕಾಲೇಜಿನಲ್ಲೂ ಹೀಗೇ. ಎಳನೀರು ಕುಡಿಯುವ ಹಾಗೆ ಆಸಿಡ್ಡು ಹೀರುವುದು ಯಾವ ಸೀಮೆಯ ವಿದ್ಯೆ ಎಂದು ಅವನು ಗೊಣಗಿದರೆ, ಮಾಸ್ಟ್ರು "ಇದ್ಕೆ ಬೇರೆ ದಾರಿ ಇಲ್ಲ ಮಾರಾಯ" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅರವತ್ತೈದರ ಜೂನಿನಲ್ಲಿ ಪ್ರಭಾವತಿ ಬಂದಳು. ಸಾಲಿಗ್ರಾಮದ ಮಂಜಯ್ಯ ಐತಾಳರ ಮಗಳು. ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ ಇಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದವಳು. ಐತಾಳರು ಮೊದಲ ದಿನ ತಾವೇ ಜೊತೆಗೆ ಬಂದು, ಪ್ರಿನ್ಸಿಪಾಲರನ್ನು ನೋಡಿ, ಲ್ಯಾಬನ್ನೂ ನೋಡಿ, ಮಕ್ಕಳು ಸಾಲಾಗಿ ನಿಂತು ಪಿಪೆಟ್ ಹೀರುವುದನ್ನು ಕಂಡು ದಂಗಾದರು. ಒಬ್ಬ ಬಾಯಿಗಿಟ್ಟು ಕೆಳಗಿಟ್ಟದ್ದನ್ನು ಇನ್ನೊಬ್ಬ ಎತ್ತಿ ಬಾಯಿಗಿಡುತ್ತಾನೆ! ಆಸಿಡ್ಡಿನ ಹೆದರಿಕೆ ಅವರಿಗೆ ಹೊಳೆಯಲೇ ಇಲ್ಲ. ಅವರಿಗೆ ಕಂಡದ್ದು ಎಂಜಲು.

"ಮಗಳು ಕೆಲ್ಸ ಮಾಡ್ಲಿ, ಬ್ಯಾಡ ಅಂಬ್ದಿಲ್ಲ. ಆದ್ರೆ ಅವ್ಳ ಕೊಳವಿ ಅವ್ಳಿಗೇ ಇರ್ಕ್" ಎಂದರು.

ಪ್ರಭಾವತಿ ನಾಚಿ ನೆಲ ನೋಡಿದಳು. ಭೋಜರಾಜ ಆವತ್ತೇ ಇಪ್ಪತ್ತು ಪಿಪೆಟ್ಟುಗಳಲ್ಲಿ ತುದಿ ನಯವಾದದ್ದೊಂದನ್ನು ಆರಿಸಿ, ಅದರ ಹೊಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ 'ಪ್ರ' ಎಂದು ಬರೆದು ಕಿಟಕಿ ಪಕ್ಕ ಬೇರೆಯೇ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ಮುಟ್ಟಿದರೆ ಜೋಕೆ ಎಂದು ಮಕ್ಕಳಿಗೆ ಕಣ್ಣು ಬಿಟ್ಟ. ಆ ಪಿಪೆಟ್ಟನ್ನು ಇಬ್ಬರೇ ಮುಟ್ಟುತ್ತಿದ್ದರು. ಹಗಲು ಅವಳು, ಸಂಜೆ ತೊಳೆದಿಡಲು ಅವನು.

ಹೀಗೆ ಶುರುವಾಯಿತು ನೋಡಿ ಆ ಪುಣ್ಯಾತ್ಮನ ಸಂಕಟ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅವನಿಗೆ ಗೊತ್ತಾಗಿಹೋಗಿತ್ತು, ಇಡೀ ದಿನದಲ್ಲಿ ತಾನು ಕಾಯುವುದು ಆ ಒಂದು ಕೊಳವೆಯನ್ನು ತೊಳೆಯುವ ಐದು ನಿಮಿಷಕ್ಕಾಗಿ ಎಂದು. ಉಳಿದ ಹತ್ತೊಂಬತ್ತನ್ನು ಗಲಗಲ ಅಲುಗಿಸಿ ತೊಳೆದವನು ಇದನ್ನು ಮಾತ್ರ ಕೊನೆಗಿಟ್ಟುಕೊಳ್ಳುತ್ತಿದ್ದ. ಅವಳ ತುಟಿ ತಾಗಿದ ತುದಿಯಲ್ಲಿ ಉಸಿರಿನ ಮಬ್ಬು ಇನ್ನೂ ಇದೆಯೇನೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಇರುತ್ತಿರಲಿಲ್ಲ.

ಅವಳು ಅವನನ್ನು "ಶೆಟ್ರೆ" ಎನ್ನುತ್ತಿದ್ದಳು. ಅವನು ಅವಳನ್ನು "ಮೇಡಂ" ಎನ್ನುತ್ತಿದ್ದ. ಪ್ರಭಾವತಿ ಎಂಬ ನಾಲ್ಕಕ್ಷರವನ್ನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತು ಹೊಳೆ ದಾಟುವಾಗ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರೆ ಹೆಮ್ಮಾಡಿವರೆಗೆ ಸಾಕಾಗುತ್ತಿತ್ತು. ಅವನಿಗೆ ಆಗಲೇ ಮೂವತ್ತನಾಲ್ಕು. ಅಕ್ಕ ತಂದ ನಂಟಸ್ತಿಕೆಗಳಿಗೆಲ್ಲ ಒಂದೊಂದು ಕುಂದು ಹುಡುಕಿ ಹೇಳುತ್ತಿದ್ದ. ಸಾಲಿಗ್ರಾಮದ ಐತಾಳರ ಮಗಳಿಗೂ ಹೆಮ್ಮಾಡಿಯ ಬಸ್ ಕ್ಲೀನರಿಗೂ ಎತ್ತಣ ಸಂಬಂಧ? ಆಗುವ ಹೋಗುವ ಮಾತಲ್ಲ ಅಂತ ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ದಿನಾ ಕಂಡರೆ ಸಾಕು, ಆ ಪಿಪೆಟ್ ತೊಳೆಯುವ ಕೆಲಸ ತನಗೇ ಇದ್ದರೆ ಸಾಕು ಎಂದುಕೊಳ್ಳುತ್ತಿದ್ದ. ಸಾಕಾಗುತ್ತಿರಲಿಲ್ಲ, ಅದು ಬೇರೆ ಮಾತು.

ಎರಡನೇ ವರ್ಷದ ಫೆಬ್ರವರಿಯ ಒಂದು ಸೋಮವಾರ ಅವಳು ಟೆಸ್ಟ್ಯೂಬು ಜೋಡಿಸುತ್ತಾ ತನ್ನಷ್ಟಕ್ಕೆ ಎಂಬಂತೆ ಹೇಳಿದಳು, "ಬಪ್ಪ ಆಯ್ತವಾರ ಬೊಂಬಾಯಿಯಿಂದ ಗಂಡಿನ ಕಡೆಯವ್ರ್ ನೋಡೂಕೆ ಬತ್ರಂಬ್ರ್, ಶೆಟ್ರೆ. ಮಾಟುಂಗದಂಗೆ ಆಫೀಸಂಬ್ರ್."

"ಒಳ್ಳೇದಾಯ್ತಲ್ಲ ಮೇಡಂ" ಎಂದ. ಆಮೇಲೆ ತೊಳೆದ ಬೀಕರುಗಳನ್ನೇ ಇನ್ನೊಮ್ಮೆ ತೊಳೆಯಲು ಶುರುಮಾಡಿದ.

ಮರುದಿನ ಮಂಗಳವಾರ ಸಿಲ್ವರ್ ನೈಟ್ರೇಟ್ ಪ್ರಯೋಗ. ಈ ಸಿಲ್ವರ್ ನೈಟ್ರೇಟ್ ಎಂಬುದು ನೋಡಲು ಬಾವಿ ನೀರಿನಷ್ಟು ಸಾಧು. ಬೆಳ್ಳಿಯಿಂದ ಮಾಡಿದ ಉಪ್ಪು. ಆದರೆ ಚರ್ಮಕ್ಕೆ ತಾಗಿದರೆ ಬೆಳಕು ಬಿದ್ದ ಹಾಗೆ ಮೊದಲು ಚಹದ ಬಣ್ಣ, ಮರುದಿನಕ್ಕೆ ಮಸಿಯ ಬಣ್ಣ. ಸೋಪಿಗೆ ಬಗ್ಗುವುದಿಲ್ಲ, ಚರ್ಮ ತಾನಾಗಿ ಉದುರುವವರೆಗೆ ಹೋಗುವುದಿಲ್ಲ. ಅದಕ್ಕೆ ಮದ್ದು ಒಂದೇ, ತಾಗಿದ ಕೂಡಲೇ ಉಪ್ಪುನೀರು. ಉಪ್ಪು ಅದನ್ನು ಬಿಳಿ ಮೊಸರಿನಂತೆ ಮಾಡಿ ತೊಳೆದುಬಿಡುತ್ತದೆ. ಅದಕ್ಕೇ ಭೋಜರಾಜ ಆ ದಿನಗಳಲ್ಲಿ ಸಿಂಕಿನ ಪಕ್ಕ ಉಪ್ಪುನೀರಿನ ದೊಡ್ಡ ಬಾಟ್ಲಿ ಇಟ್ಟೇ ಇರುತ್ತಿದ್ದ.

ಪ್ರಭಾವತಿ ತನ್ನ ಪಿಪೆಟ್ಟಿನಲ್ಲಿ ಅದನ್ನು ಹೀರುತ್ತಿದ್ದಳು. ಅಷ್ಟರಲ್ಲಿ ರತ್ನಾಕರನೆಂಬ ಬಾಯಿಬಡುಕ ಹುಡುಗ ಹಿಂದಿನಿಂದ "ಮೇಡಂ, ನಂದ್ ಕೆಂಪೇ ಆತಿಲ್ಲೆ" ಎಂದು ಕೂಗಿದ. ಅವಳು ಅತ್ತ ತಿರುಗಿದಳು. ದ್ರಾವಣ ಗೀಟು ದಾಟಿ, ಕೊಳವೆ ದಾಟಿ ತುಟಿಗೇ ಬಂತು. ಅವಳು ಪಿಪೆಟ್ ಕೆಳಗಿಟ್ಟು ಸಿಂಕಿಗೆ ಓಡುವಷ್ಟರಲ್ಲಿ ಭೋಜರಾಜ ಉಪ್ಪುನೀರು ಹಿಡಿದು ನಿಂತಿದ್ದ.

"ಮುಕ್ಕಳ್ಸಿ ಉಗೀನಿ. ನುಂಗೂಕಾಗ. ಇನ್ನೊಂದ್ ಸಲ. ತುಟಿಗೂ ಹಚ್ಚಿ."

ಬಿಳಿ ಬಿಳಿ ಚೂರು ಸಿಂಕಿಗೆ ಬಿತ್ತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. "ನೀವ್ ಇಲ್ದಿದ್ರೆ ಎಂತ ಆತಿತ್ತ್ ಶೆಟ್ರೆ? ಆಯ್ತವಾರ ಕಪ್ಪ್ ತುಟಿ ಇಟ್ಕಂಡ್ ಕೂಕಂಬ್ದಾ?" ಎಂದಳು. ಆದರೂ ಕೆಳತುಟಿಯ ನಡುವೆ ಉಗುರಿನಷ್ಟು ತೆಳುವಾಗಿ ಒಂದು ಕಂದು ಗೆರೆ ಉಳಿಯಿತು. ಮಕ್ಕಳೆಲ್ಲ ಅದನ್ನು ಕಂಡರು.

ಸಂಜೆ ನಾಲ್ಕೂಮುಕ್ಕಾಲಿಗೆ ಅವಳು ಸಾಲಿಗ್ರಾಮದ ಬಸ್ಸಿಗೆ ಹೋದಳು. ಲ್ಯಾಬು ಖಾಲಿಯಾಯಿತು. ಭೋಜರಾಜ ಹತ್ತೊಂಬತ್ತು ಪಿಪೆಟ್ ತೊಳೆದು, ಇಪ್ಪತ್ತನೆಯದನ್ನು ಕೈಗೆತ್ತಿಕೊಂಡ. ಪಶ್ಚಿಮದ ಕಿಟಕಿಯ ಬಿಸಿಲು 'ಪ್ರ' ಮೇಲೆ ಬಿದ್ದಿತ್ತು. ಇನ್ನೆಷ್ಟು ದಿನ ತೊಳೆಯುವುದಿದೆ ಇದನ್ನು? ಆಯ್ತವಾರ ಅವರು ಬರುತ್ತಾರೆ, ಇವಳನ್ನು ನೋಡಿ ಬೇಡವೆನ್ನಲು ಅವರಿಗೇನು ಕಣ್ಣಿಲ್ಲವೇ? ಮೇ ತಿಂಗಳಲ್ಲಿ ಮದುವೆ. ಆಮೇಲೆ ಈ ಕೊಳವೆ ಬರೀ ಗಾಜು.

ಅವನು ಅದನ್ನು ತೊಳೆಯದೆ ತನ್ನ ತುಟಿಗಿಟ್ಟುಕೊಂಡ.

ನಾಲ್ಕು ವರ್ಷ ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದವನು! ಆ ತುದಿಯಲ್ಲಿ ಏನಿದೆ ಎಂದು ಆ ಕಾಲೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು! ನಾಲಿಗೆಗೆ ಕಹಿ ತಾಗಿತು, ತಾಮ್ರದ ಚೊಂಬು ನೆಕ್ಕಿದ ಹಾಗೆ. ಉಪ್ಪುನೀರಿನ ಬಾಟ್ಲಿ ಕೈಗೆಟಕುವಲ್ಲೇ ಇತ್ತು. ಅದನ್ನು ನೋಡಿದ. ಬಾಯಿಗೆ ಬರೀ ನೀರು ಹಾಕಿ ಮುಕ್ಕಳಿಸಿ ಉಗಿದ, ಪಿಪೆಟ್ ತೊಳೆದಿಟ್ಟ, ತುಟಿಗೆ ಮಾತ್ರ ಏನೂ ಹಚ್ಚದೆ ಬೀಗ ಹಾಕಿಕೊಂಡು ಬಸ್ ಹತ್ತಿದ.

ಬೆಳಗ್ಗೆ ಅಕ್ಕ ಗಂಜಿ ಬಡಿಸುತ್ತಾ ಅವನ ಮುಖ ಕಂಡು ಸೌಟು ನಿಲ್ಲಿಸಿದಳು.

"ಎಂತದಾ ಅದ್? ತುಟಿಗೆ ಮಸಿ ತಿಕ್ಕಂಡಿದ್ಯಾ?"

ಕನ್ನಡಿಯಲ್ಲಿ ನೋಡಿದ. ಕೆಳತುಟಿಯ ನಡುವೆ ಬಾಗಿದ ಕರಿ ಗೆರೆ. ಪ್ರಭಾವತಿಗೆ ಇದ್ದಲ್ಲೇ. ಒಂದು ಗಳಿಗೆ ಅವನಿಗೆ ಎಂಥ ಸಂತೋಷವಾಯಿತೆಂದರೆ, ಅದನ್ನು ಹೇಳಿದರೆ ನೀವು ನಗುತ್ತೀರಿ. ಮರುಗಳಿಗೆಗೆ ಲ್ಯಾಬು ನೆನಪಾಯಿತು. ಮಕ್ಕಳು ನಿನ್ನೆ ಅವಳ ತುಟಿ ಕಂಡಿದ್ದಾರೆ. ಇವತ್ತು ಇವನ ತುಟಿ ಕಾಣುತ್ತಾರೆ. ಮೇಡಮ್ಮನ ತುಟಿಯ ಕಲೆ ಅಟೆಂಡರನ ತುಟಿಗೆ ಹೇಗೆ ಬಂತು? ರತ್ನಾಕರನಂಥವನಿಗೆ ಈ ಲೆಕ್ಕ ಬಿಡಿಸಲು ಎಷ್ಟು ಹೊತ್ತು? ಮಧ್ಯಾಹ್ನದೊಳಗೆ ಮಾತು ಪೇಟೆಗೆ ಬರುತ್ತದೆ, ಸಂಜೆಯ ಬಸ್ಸಿನಲ್ಲಿ ಸಾಲಿಗ್ರಾಮ ಮುಟ್ಟುತ್ತದೆ, ಆಯ್ತವಾರ ಯಾರೂ ಬರುವುದಿಲ್ಲ. ಅವರು ಬಾರದಿರಲಿ ಎಂದು ಎರಡು ರಾತ್ರಿಯಿಂದ ಬೇಡಿಕೊಂಡವನು ಇವನೇ. ಆದರೆ ಹೀಗಲ್ಲ. ಅವಳ ಹೆಸರು ಕೆಟ್ಟು ಅಲ್ಲ.

ರಜೆ ಹಾಕಿ ಮನೆಯಲ್ಲಿ ಕೂತರೆ? ಅಕ್ಕ ಕಂಡಾಗಿದೆ, ಗದ್ದೆಯಾಚೆಯವರು ಕಾಣುತ್ತಾರೆ, ಕಲೆ ಹತ್ತು ದಿನ ಹೋಗುವುದಿಲ್ಲ. ಗಂಜಿ ಅಲ್ಲೇ ಬಿಟ್ಟು, ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಮುಚ್ಚಿಕೊಂಡು, ಹಲ್ಲುನೋವೆಂದು ಕಂಡಕ್ಟರನಿಗೆ ಹೇಳಿ ಮೊದಲ ಬಸ್ಸಿಗೇ ಬಂದ.

ಎಂಟೂವರೆಗೆ ಲ್ಯಾಬಿನಲ್ಲಿ ಒಬ್ಬನೇ. ಕತ್ತಲೆ ಕಪಾಟು ತೆಗೆದು ಸಿಲ್ವರ್ ನೈಟ್ರೇಟಿನ ಗಟ್ಟಿ ದ್ರಾವಣದ ಕಂದು ಬಾಟ್ಲಿ ಹೊರಗಿಟ್ಟ. ಮೊದಲು ಕಣ್ಣಿಗೆ ಒದ್ದೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡ. ಆಮೇಲೆ ಬೆರಳದ್ದಿ ಕೆನ್ನೆಗೆ, ಗಲ್ಲಕ್ಕೆ, ಕತ್ತಿಗೆ, ಮುಂಗೈಗೆ ಚಿಮುಕಿಸಿಕೊಂಡ. ಅಪಘಾತವನ್ನೂ ಅಷ್ಟು ಜಾಗ್ರತೆಯಿಂದ ಮಾಡಿಕೊಂಡ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ. ಬಟ್ಟೆ ಬಿಚ್ಚಿ, ಬಾಟ್ಲಿಯನ್ನು ಸಿಂಕಿನೊಳಗೆ ಹಾಕಿ ಒಡೆದು, ಪೂರ್ವದ ಕಿಟಕಿಯ ಬಿಸಿಲಿಗೆ ಮುಖವೊಡ್ಡಿ ನಿಂತ. ಚರ್ಮ ಚುರುಚುರು ಅನ್ನುತ್ತಿತ್ತು. ಹತ್ತು ಗಂಟೆಗೆ ಮಾಸ್ಟ್ರು ಬರುವಾಗ ಮುಖದ ತುಂಬ ಚಹದ ಬಣ್ಣದ ಚುಕ್ಕೆ ಎದ್ದಿದ್ದವು.

"ಎಂತ ಮಾಡ್ಕಂಡ್ಯಾ ಭೋಜರಾಜ!" ಎಂದರು ಪ್ರೇಮಾನಂದ ಮಾಸ್ಟ್ರು. ಅವರ ಹಿಂದೆ ಮಕ್ಕಳು. ಮಕ್ಕಳ ನಡುವೆ ಪ್ರಭಾವತಿ.

"ಬಾಟ್ಲಿ ಕೈ ಜಾರ್ತ್ ಸಾರ್. ಮುಖಕ್ಕೆ ಹಾರ್ತ್."

"ಶೆಟ್ರ್ ತುಟಿಗೂ ಹಾರಿತ್" ಎಂದ ರತ್ನಾಕರ, ಹಲ್ಲು ಕಿರಿದು. "ಮೇಡಮ್ಮಂಗೆ ಇದ್ದಲ್ಲೇ..."

ಪ್ರಭಾವತಿ ಮುಂದೆ ಬಂದು ಅವನ ಮುಖವನ್ನು ನೋಡಿದಳು. ಕೆನ್ನೆ ನೋಡಿದಳು, ಕತ್ತು ನೋಡಿದಳು, ತುಟಿ ನೋಡಿದಳು, ಕಣ್ಣು ತುಟಿಯಲ್ಲೇ ಸ್ವಲ್ಪ ಹೊತ್ತು ನಿಂತಿತು. ಭೋಜರಾಜನಿಗೆ ಆಗ ಹೊಳೆಯಿತು ತಾನು ಮಾಡಿದ ಎಡವಟ್ಟು. ಕೆನ್ನೆಯದು ಇವತ್ತಿನ ಕಲೆ, ಇನ್ನೂ ಚಹದ ಬಣ್ಣ. ತುಟಿಯದು ನಿನ್ನೆಯದು, ಅದು ಮಸಿಯಷ್ಟು ಕಪ್ಪು. ಚುಕ್ಕೆಯಲ್ಲ, ಗಾಜಿನ ತುದಿಯ ಬಾಗಿದ ಗೆರೆ. ಬೇರೆಯವರಿಗೆ ಕಾಣದಿರಬಹುದು, ಈ ಪ್ರಯೋಗವನ್ನು ಕಲಿಸುವವಳಿಗೆ ಕಾಣದೆ ಇರುತ್ತದೆಯೇ?

ಅವಳು ಮಕ್ಕಳ ಕಡೆ ತಿರುಗಿದಳು. "ಆ ಬಾಟ್ಲಿ ಬಿರಡೆ ನಿನ್ನೆಯೇ ಸಡ್ಲ ಇದ್ದಿತ್ತ್. ಹೇಳೂಕೆ ಮರ್ತದ್ದ್ ನಾನ್. ನಗೂಕೆ ಎಂತ ಇತ್ತ್ ಇದ್ರಂಗೆ? ರತ್ನಾಕರ, ಹಾರದ್ದ್ ಕಣ್ಣಿಗಾದ್ರೆ ನೀನ್ ನಗ್ತಿದ್ಯಾ?" ಎಂದಳು. ಅವಳ ದನಿ ಅಷ್ಟು ಗಡುಸಾದದ್ದನ್ನು ಯಾರೂ ಕೇಳಿರಲಿಲ್ಲ. ರತ್ನಾಕರ ತಲೆ ತಗ್ಗಿಸಿದ. ಮಾತು ಅಲ್ಲಿಗೆ ಸತ್ತಿತು.

ಭೋಜರಾಜನಿಗೆ ಆದ ನಷ್ಟ ಬೇರೆ. ಮಾಸ್ಟ್ರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಕೈ ಚಾಚಿ "ಆ ಕಪಾಟಿನ ಬೀಗದ ಕೈ ನನ್ ಹತ್ರ ಇರ್ಲಿ" ಎಂದರು. ಉಡಿದಾರದಿಂದ ಅದನ್ನು ಬಿಚ್ಚಿ ಕೊಡುವಾಗ ಅವನ ಮುಖದ ಚುಕ್ಕೆಗಳು ಇನ್ನೂ ಕಪ್ಪಾದಂತೆ ಕಂಡವು.

ಅವಳು ಆವತ್ತಾಗಲಿ ಮಾರನೆ ದಿನವಾಗಲಿ ಆ ಮಾತೆತ್ತಲಿಲ್ಲ. ಭೋಜರಾಜನೂ ಅವಳ ಮುಖ ನೋಡಲಿಲ್ಲ. ಗುರುವಾರ ಪೇಟೆಗೆ ಹೋಗಿ ಸೈಕಲ್ ಅಂಗಡಿಯಲ್ಲಿ ಹಳೆಯ ಹಾರ್ನಿನ ರಬ್ಬರ್ ಬುರುಡೆಗಳನ್ನು ಕೇಳಿ ತಂದ. ಬಸ್ಸಿನಲ್ಲಿ ಎಂಟು ವರ್ಷ ಅಂಥದ್ದೇ ದೊಡ್ಡದನ್ನು ಒತ್ತಿ ಪೋಂ ಪೋಂ ಎನ್ನಿಸಿದ ಕೈ. ಬುರುಡೆಯ ಬಾಯಿಗೆ ರಬ್ಬರ್ ಕೊಳವೆಯ ತುಂಡು ಸಿಕ್ಕಿಸಿ, ಒತ್ತಿ ಹಿಡಿದು, ಪಿಪೆಟ್ಟಿನ ತಲೆಗಿಟ್ಟು ಮೆಲ್ಲಗೆ ಬಿಟ್ಟ. ನೀರು ತಾನಾಗಿ ಮೇಲೇರಿತು. ಬಾಯಿ ಬೇಡ. ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಹೊಳೆಯದೆ ಏನು, ಹೊಳೆಯುವುದು ಅವನಿಗೇ ಬೇಡವಾಗಿತ್ತು.

ಶುಕ್ರವಾರ ಅವಳ ಮೇಜಿನ ಮೇಲೆ ಮೊದಲ ಬುರುಡೆಯನ್ನಿಟ್ಟ. "ಇನ್ನ್ ಬಾಯಿಗ್ ಹಾಕೂದ್ ಬ್ಯಾಡ ಮೇಡಂ."

ಅವಳು ಒತ್ತಿ ನೋಡಿದಳು. ಒಮ್ಮೆ ಪೀಂ ಎಂದಿತು, ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹೌದ್, ಬ್ಯಾಡ" ಎಂದಳು. ಆ ಸಂಜೆ ಅವನು ತೊಳೆದ ಇಪ್ಪತ್ತನೇ ಪಿಪೆಟ್ಟಿಗೂ ಉಳಿದ ಹತ್ತೊಂಬತ್ತಕ್ಕೂ ವ್ಯತ್ಯಾಸವೇ ಇರಲಿಲ್ಲ.

ಆಯ್ತವಾರ ಅವರು ಬಂದರು, ಒಪ್ಪಿದರು. ಭೋಜರಾಜನ ಕೆನ್ನೆಯ ಚುಕ್ಕೆಗಳು ಒಂದೊಂದಾಗಿ ಉದುರಿದವು. ದಿನಾ ಬೆಳಗ್ಗೆ ಅವನು ಕನ್ನಡಿಯಲ್ಲಿ ನೋಡುತ್ತಿದ್ದದ್ದು ತುಟಿಯನ್ನು. ಹನ್ನೊಂದನೇ ದಿನ ಅಲ್ಲಿ ಏನೂ ಇರಲಿಲ್ಲ. ಅಕ್ಕ "ಅಂತೂ ಹೋಯ್ತಲ್ಲ ಮಾರಾಯ" ಎಂದಳು. ಅವನು ಗಂಜಿ ಉಣ್ಣದೆ ಎದ್ದ.

ಏಪ್ರಿಲಿನಲ್ಲಿ ಅವಳ ಕೊನೆಯ ದಿನ. ಮಕ್ಕಳು ಹೋದ ಮೇಲೆ ಭೋಜರಾಜ ಪಿಪೆಟ್ಟುಗಳನ್ನು ತೆಗೆಯಲು ಬಂದರೆ, ಅವಳೇ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಮುಂದೆ ನಿಂತಿದ್ದಳು. ಕೈಯಲ್ಲಿ 'ಪ್ರ'.

"ಕೊಡಿ ಮೇಡಂ, ನಾನ್ ತೊಳಿತೆ."

"ಎರ್ಡ್ ವರ್ಷ ತೊಳ್ದ್ರಿ. ಇವತ್ತೊಂದ್ ದಿನ ನಾನ್ ತೊಳಿತೆ."

ಮೂರು ಸಲ ತೊಳೆದಳು, ಬೆಳಕಿಗೆ ಹಿಡಿದು ನೋಡಿದಳು. ಅವನು ನೋಡುತ್ತಿದ್ದ ಹಾಗೆಯೇ. ತಿರುಗದೆಯೇ ಕೇಳಿದಳು, "ಶೆಟ್ರೆ, ಆವತ್ತ್ ಉಪ್ಪುನೀರ್ ಅಲ್ಲೇ ಇದ್ದಿತ್ತಲ್ದಾ?"

"ಇದ್ದಿತ್ತ್" ಎಂದ.

"ಎಂತಕೆ ಹಚ್ಕಣ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಅವನಿಗೆ ಹೇಳಬೇಕೆನಿಸಲಿಲ್ಲ. "ಹಚ್ರೆ ಹೋತಿತ್ತಲ್ಲ ಮೇಡಂ" ಎಂದ.

ಅವಳು ನಲ್ಲಿ ನಿಲ್ಲಿಸಿದಳು. ಪಿಪೆಟ್ಟನ್ನು ಅವನ ಕೈಯಲ್ಲಿಟ್ಟಳು. ಕೈ ತಾಗಲಿಲ್ಲ, ಅವಳು ತಾಗದ ಹಾಗೇ ಕೊಟ್ಟಳು. ಬಾಗಿಲವರೆಗೆ ಹೋಗಿ ಚೀಲ ಹೆಗಲಿಗೇರಿಸಿ ನಿಂತಳು.

"ನಂದ್ ನಾಕ್ ದಿನಕ್ಕೇ ಹೋಯ್ತ್, ಶೆಟ್ರೆ" ಎಂದಳು. "ಆಯ್ತವಾರ ಬೆಳಿಗ್ಗೆ ಕನ್ನಡಿ ಕಾಂತೆ, ಗೆರೆ ಇಲ್ಲೆ."

ಮೆಟ್ಟಿಲಿಳಿದು ಹೋದಳು. ಉಳಿಯಲಿ ಎಂದು ಬಯಸದ ಕಲೆಯ ದಿನವನ್ನು ಯಾರೂ ಎಣಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಹನ್ನೊಂದು ದಿನ ಎಣಿಸಿದವನಲ್ಲವೇ. ಪಶ್ಚಿಮದ ಕಿಟಕಿಯಿಂದ ಬಸ್‌ಸ್ಟ್ಯಾಂಡಿನ ದಾರಿ ಕಾಣುತ್ತಿತ್ತು. ಸಾಲಿಗ್ರಾಮದ ಬಸ್ಸಿನ ಹಾರ್ನು ಕೇಳುವವರೆಗೂ ಅಲ್ಲೇ ನಿಂತಿದ್ದ. ಆಗ ಮೊದಲ ಸಲ ಆ ನಾಲ್ಕಕ್ಷರವನ್ನು ಬಾಯಿಬಿಟ್ಟು ಹೇಳಿದ. ಕೇಳಲು ಬಾಟ್ಲಿಗಳು ಮಾತ್ರ ಇದ್ದವು.

ಜೂನಿನಲ್ಲಿ ಹೊಸ ಮಕ್ಕಳು ಬಂದರು. ಬೀಗದ ಕೈ ಮಾಸ್ಟ್ರ ಹತ್ತಿರವೇ ಇತ್ತು, ಆದರೆ ಬಾಗಿಲಲ್ಲಿ ಭೋಜರಾಜನೇ ಇದ್ದ. ಆಸಿಡ್ಡು, ನೀರು, ಕಣ್ಣು, ಬುತ್ತಿ ಎಲ್ಲ ಹೇಳಿ, ರಬ್ಬರ್ ಬುರುಡೆ ಹಿಡಿದು ತೋರಿಸಿ, ಕೊನೆಗೆ ಸಿಲ್ವರ್ ನೈಟ್ರೇಟಿನ ಮಾತಿಗೆ ಬಂದ.

"ಇದ್ ತಾಗ್ರೆ ಕೂಡ್ಲೆ ಉಪ್ಪುನೀರ್ ಹಚ್ಕ್. ಒಂದ್ ನಿಮಿಷ ತಡ ಮಾಡೂಕಾಗ."

ಮುಂದಿನ ಸಾಲಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು, "ತಡ ಮಾಡ್ರೆ ಎಂತ ಆತ್ತ್?"

"ತಡ ಮಾಡ್ರೆ ಮತ್ತೆ ಹೋತಿಲ್ಲೆ."

"ಎರ್ಡ್ ವಾರಕ್ಕೆ ಹೋತ್ತಂತೇಳಿ ಪುಸ್ತಕದೊಳ್ಗೆ ಇತ್ತಲೆ."

ಭೋಜರಾಜ ಅವಳನ್ನು ನೋಡಿದ. ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ನಿಂತಿದ್ದ ಪಿಪೆಟ್ಟನ್ನು ತೆಗೆದು ಉಳಿದವುಗಳ ಜೊತೆ ಸೇರಿಸಿದ.

"ಪುಸ್ತಕದೊಳ್ಗೆ ಹಾಂಗೇ ಬರಿತ್ರ್ ಮಗಾ" ಎಂದ.